ಎಂಡೋಸಲ್ಫಾನ್: ವಿಜ್ಞಾನ ಪೂರ್ತಿ ಸಾಬೀತು ಮಾಡದಿದ್ದರೆ ಪರಿಹಾರ ಕೊಡಬಾರದೇ?

ಪುತ್ತೂರಿನ ಉಪನ್ಯಾಸಕಿ

ಪದವಿ ತರಗತಿಗಳಿಗೆ ಪರಿಸರ ಅಧ್ಯಯನ ಕಲಿಸುವವಳು ನಾನು. ಈ ಬಾರಿ ದೂರದ ಉದಾಹರಣೆಗಳನ್ನು ಬಿಟ್ಟು, ನಮ್ಮ ಪಕ್ಕದಲ್ಲೇ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದ ಎಂಡೋಸಲ್ಫಾನ್ ಎಂಬ ಕೀಟನಾಶಕದ ಪ್ರಕರಣವನ್ನು ಪಾಠಕ್ಕೆ ಆರಿಸಿಕೊಂಡೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಕಾಸರಗೋಡಿನ ಪಡ್ರೆ ಎಂಬ ಊರಿನಲ್ಲಿ ಅಧ್ಯಯನ ನಡೆಸಿ, ಅಲ್ಲಿನ ಮಕ್ಕಳ ಆರೋಗ್ಯ ಸಮಸ್ಯೆಗಳಿಗೆ ಎಂಡೋಸಲ್ಫಾನ್ ಕಾರಣವಾಗಿರುವ ಸಾಧ್ಯತೆ ಹೆಚ್ಚೆಂದು 2002ರಲ್ಲಿ ವರದಿ ಕೊಟ್ಟಿತು. ಮರುವರ್ಷವೇ ಕೇಂದ್ರ ಸರ್ಕಾರ ನೇಮಿಸಿದ ಓ.ಪಿ. ದುಬೆ ಸಮಿತಿ ಅಂತಹ ಸಂಬಂಧ ಸ್ಥಾಪಿತವಾಗಿಲ್ಲ ಎಂದಿತು. ಮುಂದೆ ಬಂದ ಅಧ್ಯಯನಗಳ ಮೇಲೂ ವಿಜ್ಞಾನಿಗಳೇ ಆಕ್ಷೇಪ ಎತ್ತಿದರು.

ಇದನ್ನೆಲ್ಲ ಕೇಳಿದ ವಿದ್ಯಾರ್ಥಿಯೊಬ್ಬ, "ಹಾಗಾದರೆ ಸುಪ್ರೀಂ ಕೋರ್ಟ್ 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದದ್ದು ವಿಜ್ಞಾನದ ಆಧಾರದ ಮೇಲೋ, ಕನಿಕರದ ಆಧಾರದ ಮೇಲೋ?" ಎಂದು ಕೇಳಿದ. ಪ್ರಶ್ನೆ ಒರಟಾಗಿ ಕೇಳಿಸಿದರೂ ಪ್ರಾಮಾಣಿಕವಾದದ್ದು. ಇಲ್ಲಿ ಕಾಸರಗೋಡಿನವರು, ದಕ್ಷಿಣ ಕನ್ನಡದ ಕೊಕ್ಕಡ ಕಡೆಯವರು, ವೈದ್ಯರು, ಕೃಷಿಕರು ಎಲ್ಲರೂ ಇದ್ದೀರಿ. ನಿಮ್ಮ ಅಭಿಪ್ರಾಯವೇನು?

ಎಣ್ಮಕಜೆಯವ

ಮೇಡಂ, ಆ ವಿದ್ಯಾರ್ಥಿಗೆ ಮೊದಲು ನಮ್ಮೂರಿನ ನೆಲ ಹೇಗಿದೆ ಎಂಬುದನ್ನು ತಿಳಿಸಿ. ಪಡ್ರೆ ಇರುವುದು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಯಲ್ಲಿ. ಗುಡ್ಡೆಯ ಮೇಲೆ ಗೇರು ತೋಟ, ಕೆಳಗಿನ ಬೈಲಿನಲ್ಲಿ ಮನೆ, ಅಡಿಕೆ ತೋಟ, ಹಟ್ಟಿ. ನಮ್ಮಲ್ಲಿ ಕುಡಿಯುವ ನೀರು ಬರುವುದು ಹೆಚ್ಚಾಗಿ ಸುರಂಗದಿಂದ. ಮುರಕಲ್ಲಿನ ಗುಡ್ಡೆಯನ್ನು ಅಡ್ಡವಾಗಿ ಕೊರೆದರೆ ಒಳಗೆ ಜಿನುಗುವ ನೀರು ತಾನಾಗಿಯೇ ಹರಿದು ಬಂದು ಅಂಗಳದ ಪಕ್ಕದ ಸಣ್ಣ ಕೆರೆಯಲ್ಲಿ ನಿಲ್ಲುತ್ತದೆ. ಅಂದರೆ ಗುಡ್ಡೆಯ ನೆತ್ತಿಯ ಮೇಲೆ ಬಿದ್ದದ್ದು ಮಣ್ಣಿನ ಮೂಲಕ ಇಳಿದು ನಮ್ಮ ಕೊಡಪಾನಕ್ಕೆ ಬರಲು ದಾರಿ ಇದ್ದೇ ಇದೆ.

ಮದ್ದು ಬಿಡುವ ಮೊದಲು ಬಾವಿಗಳನ್ನು ಮುಚ್ಚಿಕೊಳ್ಳಬೇಕೆಂಬ ಸೂಚನೆ ಇತ್ತು. ಬಾವಿಗೆ ಹೇಗೋ ಮಡಲು ಹಾಸಿ ಮುಚ್ಚಬಹುದು. ಸುರಂಗಕ್ಕೆ, ತೋಡಿಗೆ, ಇಡೀ ಗುಡ್ಡೆಗೆ ಏನನ್ನು ಮುಚ್ಚುವುದು? ಹೆಲಿಕಾಪ್ಟರ್ ಹೋದ ಮೇಲೆ ತೋಡಿನಲ್ಲಿ ಮೀನುಗಳು ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲುತ್ತಿದ್ದುದನ್ನು ನಾನು ಹುಡುಗನಾಗಿದ್ದಾಗ ಕಣ್ಣಾರೆ ಕಂಡಿದ್ದೇನೆ. ಅಜ್ಜ ಜೇನು ಸಾಕುತ್ತಿದ್ದರು. ಪೆಟ್ಟಿಗೆಯ ಬಾಗಿಲಲ್ಲಿ ಸತ್ತ ನೊಣಗಳನ್ನು ಗುಡಿಸಿ ಗೆರಸೆಗೆ ತುಂಬುತ್ತಿದ್ದರು. ಇದಕ್ಕೆ ಯಾವ ಸಮಿತಿಯ ವರದಿಯೂ ನಮಗೆ ಬೇಕಿರಲಿಲ್ಲ.

ಕೊಪ್ಪದ ಓದುಗ

ಕನಿಕರ ಎಂಬ ಮಾತೇ ತಪ್ಪು. ಅದು ಬಾಕಿ ಉಳಿದ ಸಾಲ.

ಅಂಕಿಅಂಶ ಅಧ್ಯಾಪಕ

ಎಣ್ಮಕಜೆಯವರ ಅನುಭವವನ್ನು ನಾನು ಪ್ರಶ್ನಿಸುವುದಿಲ್ಲ. ಮೀನು, ಜೇನು ಸತ್ತದ್ದಕ್ಕೂ ಒಂದು ಮಗು ಮಿದುಳಿನ ತೊಂದರೆಯೊಂದಿಗೆ ಹುಟ್ಟಿದ್ದಕ್ಕೂ ನಡುವೆ ಸಾಕ್ಷ್ಯದ ಅಂತರ ದೊಡ್ಡದಿದೆ ಎಂಬುದನ್ನಷ್ಟೇ ಹೇಳುತ್ತೇನೆ.

ಅಹಮದಾಬಾದಿನ ಸಂಸ್ಥೆಯ ಆ ಅಧ್ಯಯನದ ಒಂದು ಭಾಗ 2003ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪಡ್ರೆಯ 117 ಮಂದಿ ಹುಡುಗರನ್ನು, ಸಿಂಪಡಣೆ ಆಗದ ಇನ್ನೊಂದು ಊರಿನ 90 ಹುಡುಗರೊಂದಿಗೆ ಹೋಲಿಸಿದ್ದರು. ಪಡ್ರೆಯವರಲ್ಲಿ ಶೇ 78ರಷ್ಟು ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಪತ್ತೆಯಾಯಿತು, ಇನ್ನೊಂದು ಊರಿನಲ್ಲಿ ಶೇ 29ರಷ್ಟು ಮಂದಿಯಲ್ಲಿ. ಪ್ರೌಢಾವಸ್ಥೆಯ ಲಕ್ಷಣಗಳು ತಡವಾಗುವುದಕ್ಕೂ ಈ ಕೀಟನಾಶಕಕ್ಕೂ ಸಂಬಂಧವಿರಬಹುದೆಂದು ಲೇಖಕರು ಹೇಳಿದರು. ಆದರೆ ಜನ್ಮಜಾತ ದೋಷಗಳಲ್ಲಿ ಕಂಡ ವ್ಯತ್ಯಾಸ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವೆನ್ನುವಷ್ಟಿಲ್ಲ ಎಂದು ಅವರೇ ದಾಖಲಿಸಿದ್ದಾರೆ.

ಇನ್ನೊಂದು ತೊಡಕೂ ಇದೆ. ರಕ್ತದ ಮಾದರಿ ತೆಗೆದದ್ದು ಕೊನೆಯ ಸಿಂಪಡಣೆಯ ಸುಮಾರು 10 ತಿಂಗಳ ನಂತರ. ಎಂಡೋಸಲ್ಫಾನ್ ರಕ್ತದಲ್ಲಿ ಅಷ್ಟು ದೀರ್ಘಕಾಲ ಉಳಿಯುವ ವಸ್ತುವಲ್ಲ. ಹಾಗಿದ್ದರೆ ರಕ್ತದಲ್ಲಿ ಅದು ಹೇಗೆ ಬಂತು ಎಂಬ ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು.

ಬೈಲಿನ ಕೃಷಿಕ

ಉತ್ತರ ಮೇಲೆಯೇ ಇದೆಯಲ್ಲ ಸರ್. ಮಣ್ಣಿನಲ್ಲಿ, ನೀರಿನಲ್ಲಿ ಉಳಿದದ್ದು ಮತ್ತೆ ಮತ್ತೆ ದೇಹಕ್ಕೆ ಸೇರುತ್ತಿತ್ತು.

ಅಂಕಿಅಂಶ ಅಧ್ಯಾಪಕ

ಅದು ಸಾಧ್ಯ, ಅಧ್ಯಯನದ ಲೇಖಕರ ವಾದವೂ ಹೆಚ್ಚುಕಡಿಮೆ ಅದೇ. ಎಂಡೋಸಲ್ಫಾನ್ ಒಡೆದು ಉಂಟಾಗುವ ಎಂಡೋಸಲ್ಫಾನ್ ಸಲ್ಫೇಟ್ ಮಣ್ಣಿನಲ್ಲಿ ಮೂಲ ವಸ್ತುವಿಗಿಂತ ಹೆಚ್ಚು ಕಾಲ ಬಾಳುತ್ತದೆ, ವಿಷತ್ವವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಸಾಧ್ಯ ಎನ್ನುವುದಕ್ಕೂ ಸಾಬೀತಾಗಿದೆ ಎನ್ನುವುದಕ್ಕೂ ನಡುವಿನ ಗೆರೆಯನ್ನು ಅಳಿಸಿಬಿಟ್ಟರೆ ನಾಳೆ ಕಂಪನಿಯವರೂ ಅದೇ ಸಲುಗೆ ಕೇಳುತ್ತಾರೆ. 2013ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಈ ಅಧ್ಯಯನಗಳನ್ನು ವಿಮರ್ಶಿಸಿ ಬರೆದವರು ಕೇರಳದ ಕೃಷಿ ವಿಜ್ಞಾನಿಗಳೇ. ಅವರನ್ನು ದ್ರೋಹಿಗಳೆಂದು ಬೈಯುವುದರಿಂದ ಅವರ ಪ್ರಶ್ನೆ ಮಾಯವಾಗುವುದಿಲ್ಲ.

ಮುಳ್ಳೇರಿಯ ಶಿಕ್ಷಕಿ

ಸರ್, ನೀವು ಹೇಳುವ ಗೆರೆ ಎಳೆಯುವ ಅವಕಾಶ ಯಾರಿಗಿತ್ತು ಎಂಬುದನ್ನೂ ನೋಡಬೇಕು. ಈ ಗೇರು ತೋಟಗಳನ್ನು ನಡೆಸುತ್ತಿದ್ದ ಸರ್ಕಾರಿ ಸಂಸ್ಥೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಕೊನೆಯಿಂದ 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಆಕಾಶದಿಂದ ಮದ್ದು ಬಿಟ್ಟಿತು. ಅಷ್ಟೂ ವರ್ಷ ಕೆಳಗಿನ ಜನರ ಆರೋಗ್ಯದ ಮೇಲೆ ಒಂದು ಕ್ರಮಬದ್ಧ ದಾಖಲೆಯನ್ನು ಯಾರೂ ಇಡಲಿಲ್ಲ. ಸಿಂಪಡಣೆಗೆ ಮೊದಲು ಊರಿನಲ್ಲಿ ಎಷ್ಟು ಮಕ್ಕಳಿಗೆ ತೊಂದರೆ ಇತ್ತು, ನಂತರ ಎಷ್ಟಾಯಿತು ಎಂಬ ಲೆಕ್ಕವಿಲ್ಲ. ದಾಖಲೆ ಇಡಬೇಕಾದವರೇ ಇಡದೆ, ಎಲ್ಲ ಮುಗಿದ ಮೇಲೆ "ಸಾಕ್ಷ್ಯ ಸಾಲದು" ಎಂದರೆ ಅದು ವಿಜ್ಞಾನದ ಸೋಲೆನ್ನಲಾರೆ, ಆಡಳಿತದ ಅಪರಾಧ ಎನ್ನುತ್ತೇನೆ.

ಮೊದಲು ಗಮನಿಸಿದವರು ಯಾರು? ಕರುಗಳು ಕಾಲು ಸೊಟ್ಟಗಾಗಿ ಹುಟ್ಟುತ್ತಿರುವುದನ್ನು ಕಂಡ ಕೃಷಿಕರು. ಅದನ್ನು 1980ರ ದಶಕದ ಆರಂಭದಲ್ಲೇ ಬರೆದವರು ಪತ್ರಕರ್ತ ಶ್ರೀ ಪಡ್ರೆ. ತಮ್ಮ ಸಣ್ಣ ದವಾಖಾನೆಗೆ ಬರುವ ಮಕ್ಕಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ ಅಸಹಜವಾಗಿ ಹೆಚ್ಚಿವೆಯೆಂದು 1990ರ ದಶಕದಲ್ಲಿ ವೈದ್ಯ ಲೋಕಕ್ಕೆ ಪತ್ರ ಬರೆದು ಎಚ್ಚರಿಸಿದವರು ಡಾ. ವೈ.ಎಸ್. ಮೋಹನ ಕುಮಾರ್. ಸಿಂಪಡಣೆ ನಿಲ್ಲಿಸಲು 1998ರಲ್ಲಿ ಕಾಸರಗೋಡು ಜಿಲ್ಲೆಯ ಹೊಸದುರ್ಗದ ನ್ಯಾಯಾಲಯಕ್ಕೆ ಹೋದವರು ಕೃಷಿ ಇಲಾಖೆಯ ಉದ್ಯೋಗಿಯೇ ಆಗಿದ್ದ ಲೀಲಾಕುಮಾರಿ ಅಮ್ಮ. ದೊಡ್ಡ ಸಂಸ್ಥೆಗಳು ಬಂದದ್ದು ಇವರೆಲ್ಲರ ನಂತರ.

ಮಂಗಳೂರಿನ ನ್ಯಾಯವಾದಿ

ಉಪನ್ಯಾಸಕಿಯವರ ವಿದ್ಯಾರ್ಥಿಯ ಪ್ರಶ್ನೆಗೆ ಕಾನೂನಿನ ಕಡೆಯಿಂದ ಉತ್ತರಿಸುತ್ತೇನೆ. ವಿಜ್ಞಾನವೋ ಕನಿಕರವೋ ಎಂಬ ಎರಡೇ ದಾರಿಗಳಿಲ್ಲ. ವೆಲ್ಲೂರು ನಾಗರಿಕರ ವೇದಿಕೆಯ ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಮುನ್ನೆಚ್ಚರಿಕೆಯ ತತ್ವವನ್ನು ನಮ್ಮ ದೇಶದ ಕಾನೂನಿನ ಭಾಗವೆಂದು ಒಪ್ಪಿತು. ಗಂಭೀರವಾದ, ಸರಿಪಡಿಸಲಾಗದ ಹಾನಿಯ ಸಂಭವವಿದ್ದಾಗ, ವೈಜ್ಞಾನಿಕ ಖಚಿತತೆ ಇಲ್ಲವೆಂಬ ಕಾರಣಕ್ಕೆ ತಡೆಯುವ ಕ್ರಮವನ್ನು ಮುಂದೂಡಬಾರದು. ಅಷ್ಟೇ ಅಲ್ಲ, ತನ್ನ ಚಟುವಟಿಕೆ ನಿರಪಾಯಕಾರಿ ಎಂದು ತೋರಿಸುವ ಹೊಣೆ ಅದನ್ನು ನಡೆಸುವವನದ್ದೇ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ದೇಶದಾದ್ಯಂತ ತಡೆದಾಗ ನಿಂತದ್ದು ಈ ನೆಲೆಯ ಮೇಲೆ ಮತ್ತು ಬದುಕುವ ಹಕ್ಕಿನ ಮೇಲೆ.

ಒಂದು ಮಾತು ಸ್ಪಷ್ಟವಾಗಿರಲಿ. ನಿಷೇಧಕ್ಕೆ ಬೇಕಾಗುವ ಸಾಕ್ಷ್ಯ ಬೇರೆ, ಒಬ್ಬ ನಿರ್ದಿಷ್ಟ ವ್ಯಕ್ತಿಯ ಕಾಯಿಲೆಗೆ ಕಾರಣ ಇದೇ ಎನ್ನಲು ಬೇಕಾಗುವ ಸಾಕ್ಷ್ಯ ಬೇರೆ. ಎರಡನೆಯದು ಪರಿಸರ ರೋಗಗಳಲ್ಲಿ ಬಹುತೇಕ ಸಿಗುವುದೇ ಇಲ್ಲ. ಅದು ಸಿಗುವವರೆಗೆ ಕಾಯಿರಿ ಎಂದು ಮಲಗಿದಲ್ಲೇ ಇರುವ ಮಗುವಿನ ತಾಯಿಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ.

ದೋಹಾ ಕನ್ನಡಿಗ

2011ರಲ್ಲಿ ಜಿನೀವಾದಲ್ಲಿ, ದೀರ್ಘಕಾಲ ಉಳಿಯುವ ವಿಷ ರಾಸಾಯನಿಕಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಸಭೆ ನಡೆಯುತ್ತಿದ್ದಾಗ ನಾನು ದಿನವೂ ಸುದ್ದಿ ನೋಡುತ್ತಿದ್ದೆ. ಕೇರಳದ ಮುಖ್ಯಮಂತ್ರಿ ಅಚ್ಯುತಾನಂದನ್ ತಿರುವನಂತಪುರದಲ್ಲಿ ಉಪವಾಸ ಕುಳಿತರೆ, ಭಾರತದ ಪ್ರತಿನಿಧಿಗಳು ಅಲ್ಲಿ ನಿಷೇಧಕ್ಕೆ ವಿರುದ್ಧ ವಾದಿಸುತ್ತಿದ್ದರು. ಕೊನೆಗೆ ಕೆಲವು ಬೆಳೆಗಳಿಗೆ ವಿನಾಯಿತಿ ಪಡೆದು ಒಪ್ಪಿದರು. ಆಗ ಜಗತ್ತಿನಲ್ಲಿ ಅತಿ ಹೆಚ್ಚು ಎಂಡೋಸಲ್ಫಾನ್ ತಯಾರಿಸುತ್ತಿದ್ದ ದೇಶ ನಮ್ಮದು, ತಯಾರಕರಲ್ಲಿ ಸರ್ಕಾರಿ ಸ್ವಾಮ್ಯದ ಕಂಪನಿಯೂ ಇತ್ತು. ವ್ಯಾಪಾರದ ಹಿತ ಎದುರಿಗಿದ್ದಾಗ ಸರ್ಕಾರವೇ ನೇಮಿಸಿದ ಸಮಿತಿಗಳ ಮಾತನ್ನು ಜನ ನಂಬದೇ ಹೋದರೆ ಅದರಲ್ಲಿ ಜನರ ತಪ್ಪೇನಿದೆ?

ಕಲಬುರಗಿಯ ತೊಗರಿ ರೈತ

ನೀವೆಲ್ಲ ಹೆಲಿಕಾಪ್ಟರಿನ ಮಾತು ಆಡುತ್ತಿದ್ದೀರಿ. ತೊಗರಿಯ ಕಾಯಿಕೊರಕ ಹುಳಕ್ಕೆ ನಮ್ಮ ಕಡೆ ವರ್ಷಗಟ್ಟಲೆ ಇದೇ ಎಣ್ಣೆಯನ್ನು ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆದಿದ್ದೇವೆ. ಕೈಗವಸಿಲ್ಲ, ಮೂಗಿಗೆ ಟವೆಲ್ಲೇ ಗತಿ. ಅಗ್ಗವಾಗಿತ್ತು, ಕೆಲಸವನ್ನೂ ಮಾಡುತ್ತಿತ್ತು. ನಿಷೇಧವಾದ ಮೇಲೆ ಬಂದ ಔಷಧಗಳ ಬೆಲೆ ಕೇಳಿದರೆ ಸಣ್ಣ ರೈತನ ಎದೆ ಒಡೆಯುತ್ತದೆ. ನಿಷೇಧ ತಪ್ಪೆಂದು ನಾನು ಹೇಳುತ್ತಿಲ್ಲ. ಹೊಡೆದ ನಮ್ಮ ಕೂಲಿಯವರ ಆರೋಗ್ಯವನ್ನು ಯಾರೂ ಕೇಳಲಿಲ್ಲ, ನಿಷೇಧದ ನಂತರ ನಮ್ಮ ಖರ್ಚನ್ನೂ ಯಾರೂ ಕೇಳಲಿಲ್ಲ ಎನ್ನುತ್ತಿದ್ದೇನೆ.

ನಿವೃತ್ತ ಕೀಟಶಾಸ್ತ್ರಜ್ಞ

ತೊಗರಿ ರೈತರ ಮಾತು ನ್ಯಾಯವಾದದ್ದು. ಬದಲಿ ದಾರಿ ತೋರಿಸದ ನಿಷೇಧದ ಭಾರ ಬೀಳುವುದು ಕೆಳಗಿನವರ ಮೇಲೆಯೇ.

ಗೇರಿನ ವಿಷಯಕ್ಕೆ ಬರುತ್ತೇನೆ. ಅಲ್ಲಿ ಶತ್ರು ಟೀ ಸೊಳ್ಳೆ. ಹೆಸರು ಸೊಳ್ಳೆಯಾದರೂ ಅದು ರಸ ಹೀರುವ ತಿಗಣೆಯ ಜಾತಿಯದ್ದು. ಚಿಗುರು, ಹೂಗೊಂಚಲು, ಎಳೆಯ ಬೀಜಕ್ಕೆ ಚುಚ್ಚಿದ ಕಡೆ ಕಪ್ಪಾಗಿ ಒಣಗುತ್ತದೆ. ಹತೋಟಿ ಇಲ್ಲದಿದ್ದರೆ ಇಡೀ ತೋಟ ಬೆಂಕಿ ತಗಲಿದಂತೆ ಕಾಣುತ್ತದೆ. ಚಿಗುರುವಾಗ, ಹೂ ಬಿಡುವಾಗ, ಬೀಜ ಕಟ್ಟುವಾಗ ಎಂದು ಮೂರು ಹಂತದ ಸಿಂಪಡಣೆಯನ್ನು ಶಿಫಾರಸು ಮಾಡುತ್ತಿದ್ದರು. ಚಗಳಿ ಇರುವೆಗಳು ಈ ತಿಗಣೆಯನ್ನು ಬೇಟೆಯಾಡುತ್ತವೆ ಎಂಬುದನ್ನು ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದವರು ಅಧ್ಯಯನ ಮಾಡಿದ್ದಾರೆ. ತೊಂದರೆ ಏನೆಂದರೆ ಬೀಜ ಹೆಕ್ಕುವವರಿಗೂ ಅವು ಕಚ್ಚುತ್ತವೆ. ಆದ್ದರಿಂದ ದೊಡ್ಡ ತೋಟಗಳವರು ಅದನ್ನು ಇಷ್ಟಪಡುವುದಿಲ್ಲ.

ಎಂಡೋಸಲ್ಫಾನ್ ಇತರ ಕೀಟನಾಶಕಗಳಿಗಿಂತ ಜೇನಿಗೆ ಮೃದು ಎಂಬುದು ಆ ಕಾಲದಲ್ಲಿ ಎಲ್ಲೆಡೆ ಕೇಳಿಬರುತ್ತಿದ್ದ ವಾದ. ಕೈಪಂಪಿನಿಂದ ಸಂಜೆ ಹೊತ್ತು, ಸರಿಯಾದ ಪ್ರಮಾಣದಲ್ಲಿ ಹೊಡೆದಾಗ ಅದಕ್ಕೆ ಒಂದಷ್ಟು ಅರ್ಥವಿತ್ತು. ಗುಡ್ಡ ಕಣಿವೆಗಳ ನಾಡಿನಲ್ಲಿ ಗಾಳಿ ಬೀಸುವಾಗ ಮೇಲಿನಿಂದ ಸುರಿದರೆ ಯಾವ ಪ್ರಮಾಣವೂ ಅಲ್ಲಿ ಉಳಿಯುವುದಿಲ್ಲ. ಬೆಳೆಯ ತುದಿಯಿಂದ ಎರಡು ಮೂರು ಮೀಟರ್ ಎತ್ತರದಲ್ಲಷ್ಟೇ ಹಾರಬೇಕೆಂಬ ನಿಯಮವನ್ನು ಆ ಇಳಿಜಾರುಗಳಲ್ಲಿ ಪಾಲಿಸುವುದೇ ಅಸಾಧ್ಯ. ಹಾಗಾಗಿ ನನ್ನ ದೃಷ್ಟಿಯಲ್ಲಿ, ರೋಗದ ಕಾರಣದ ವಾದ ಮುಗಿಯುವ ಮೊದಲೇ ತಪ್ಪು ಸಾಬೀತಾಗಿದೆ. ಅಂತಹ ನೆಲದಲ್ಲಿ, ಜನ ವಾಸಿಸುವ ಮನೆಗಳ ಮೇಲೆ, ಅವರ ಒಪ್ಪಿಗೆ ಇಲ್ಲದೆ ಹಾಗೆ ಸಿಂಪಡಿಸಬಾರದಿತ್ತು.

ಅಂಕಿಅಂಶ ಅಧ್ಯಾಪಕ

ಈ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಪರಿಹಾರದ ಆಧಾರ ಇದಾದರೆ ನನ್ನ ಆಕ್ಷೇಪವೇ ಇಲ್ಲ. ಒಪ್ಪಿಗೆ ಇಲ್ಲದೆ ಒಂದು ಇಡೀ ಜನಸಮುದಾಯವನ್ನು ಅಪಾಯಕ್ಕೆ ಒಡ್ಡಿದ ಸರ್ಕಾರ, ಅಲ್ಲಿ ನರಳುತ್ತಿರುವವರನ್ನು ನೋಡಿಕೊಳ್ಳುವ ಹೊಣೆ ಹೊರಲಿ. ಅದಕ್ಕಾಗಿ ಪ್ರತಿಯೊಂದು ಕಾಯಿಲೆಯನ್ನೂ ಎಂಡೋಸಲ್ಫಾನ್ ತಲೆಗೆ ಕಟ್ಟುವ ಅಗತ್ಯವಿಲ್ಲ.

ಮಕ್ಕಳ ವೈದ್ಯೆ

ಹಾಗೆ ತಲೆಗೆ ಕಟ್ಟುವುದರಿಂದ ಆಗುವ ಒಂದು ಹಾನಿಯನ್ನು ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನನ್ನಲ್ಲಿಗೆ ಬಂದ ಒಂದು ಕುಟುಂಬದಲ್ಲಿ ಮೊದಲ ಮಗುವಿಗೆ ಸ್ನಾಯು ಕ್ಷೀಣಿಸುವ ಕಾಯಿಲೆ ಇತ್ತು. ಊರಿನಲ್ಲಿ ಎಲ್ಲರೂ ಅದನ್ನು ಎಂಡೋ ಎಂದೇ ಕರೆದರು. ತಂದೆ ತಾಯಿ ಬೇರೆ ಪರೀಕ್ಷೆ ಮಾಡಿಸಲಿಲ್ಲ. ಸಿಂಪಡಣೆ ನಿಂತು ಎಷ್ಟೋ ವರ್ಷಗಳಾಗಿವೆ, ಇನ್ನು ಭಯವಿಲ್ಲವೆಂದು ಎರಡನೆಯ ಮಗುವಾಯಿತು. ಅದಕ್ಕೂ ಅದೇ ಕಾಯಿಲೆ. ಅದು ಅನುವಂಶಿಕವೆಂದು ಪರೀಕ್ಷೆಯಿಂದ ಗೊತ್ತಾದದ್ದು ಆಮೇಲೆ. ಮೊದಲೇ ತಿಳಿದಿದ್ದರೆ ಆ ತಾಯಿಯ ಮುಂದೆ ಆಯ್ಕೆಗಳಿರುತ್ತಿದ್ದವು.

ಆ ತಾಯಿ ನನ್ನೆದುರು ಕುಳಿತು ಕೇಳಿದ ಮೊದಲ ಪ್ರಶ್ನೆ, "ಈ ರಿಪೋರ್ಟು ಕಂಡರೆ ಮಗುವಿನ ಮಾಸಾಶನ ನಿಲ್ಲಿಸುತ್ತಾರಾ ಡಾಕ್ಟ್ರೇ?" ಎಂಬುದು. ರೋಗನಿರ್ಣಯಕ್ಕೂ ಅನ್ನಕ್ಕೂ ಹೀಗೆ ಗಂಟು ಹಾಕಿದರೆ ಯಾವ ತಾಯಿ ಸತ್ಯ ತಿಳಿಯಲು ಬರುತ್ತಾಳೆ?

ಬೈಲಿನ ಕೃಷಿಕ

ಇದೇ ಉದಾಹರಣೆಯನ್ನು ಎತ್ತಿಕೊಂಡು ನಾಳೆ "ನೋಡಿ, ಎಲ್ಲವೂ ವಂಶದ ಕಾಯಿಲೆ" ಎಂದು ಹೇಳುವವರು ಬರುತ್ತಾರೆ. ನಮಗೆ ಭಯ ಇರುವುದೇ ಅಲ್ಲಿ.

ಮಕ್ಕಳ ವೈದ್ಯೆ

ನಿಮ್ಮ ಭಯಕ್ಕೆ ಕಾರಣವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಆ ಭಯದಿಂದ ಪರೀಕ್ಷೆಯನ್ನೇ ಬಿಟ್ಟರೆ ನಷ್ಟ ನಮ್ಮ ಮಕ್ಕಳಿಗೇ. ಕಾರಣ ಯಾವುದೇ ಇರಲಿ, ಆ ಊರುಗಳ ಪ್ರತಿಯೊಂದು ಅಂಗವಿಕಲ ಮಗುವಿಗೂ ಆರೈಕೆ ಖಾತರಿಯಾದ ದಿನ ವೈದ್ಯರೂ ಧೈರ್ಯದಿಂದ ನಿಜ ಹೇಳಬಲ್ಲರು, ಪೋಷಕರೂ ಧೈರ್ಯದಿಂದ ಕೇಳಬಲ್ಲರು.

ಕೊಕ್ಕಡ ಕಡೆಯ ಆಶಾ ಕಾರ್ಯಕರ್ತೆ

ಕಾಸರಗೋಡಿನ ಮಾತೇ ಹೆಚ್ಚಾಯಿತು, ನಮ್ಮ ಜಿಲ್ಲೆಯದ್ದೂ ಇರಲಿ. ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಿನ ಗೇರು ತೋಟಗಳ ಮೇಲೂ ಹೆಲಿಕಾಪ್ಟರಿನಿಂದ ಮದ್ದು ಬಿಟ್ಟಿದ್ದರು. ಕರ್ನಾಟಕ ಸರ್ಕಾರ 2011ರ ಫೆಬ್ರವರಿಯಲ್ಲಿ ನಿಷೇಧ ತಂದಿತು, ಮಾಸಾಶನ ಬಂತು, ಕೊಕ್ಕಡದಲ್ಲಿ ಮತ್ತು ಕೊಯಿಲದಲ್ಲಿ ಎಂಡೋ ಪಾಲನಾ ಕೇಂದ್ರಗಳಾದವು. ಇದೆಲ್ಲ ಜನ ಹೋರಾಡಿದ್ದರಿಂದ ಆದದ್ದು.

ನಾನು ಹೋಗುವ ಒಂದು ಮನೆಯಲ್ಲಿ ಮಗನಿಗೆ ಈಗ ಮೂವತ್ತು ದಾಟಿದೆ. ಮಾತಿಲ್ಲ, ಎದ್ದು ಕೂರಲಾಗುವುದಿಲ್ಲ. ತಾಯಿಗೆ ಅರವತ್ತೈದು. ಅವನನ್ನು ಎತ್ತಿ ಸ್ನಾನ ಮಾಡಿಸುವಾಗ ಅವರ ಸೊಂಟ ಹಿಡಿದುಕೊಳ್ಳುತ್ತದೆ. ಮಗ ಭಾರವಾದ ಹಾಗೆ ತಾಯಿಗೆ ಶಕ್ತಿ ಕಡಿಮೆಯಾಗುತ್ತಿದೆ. "ನನಗಿಂತ ಮೊದಲು ಅವನು ಹೋಗಲಿ ಅಂತ ದೇವರಲ್ಲಿ ಕೇಳ್ತೇನೆ" ಎಂದು ಅವರು ಹೇಳಿದಾಗ ನನ್ನಲ್ಲಿ ಮಾತಿರಲಿಲ್ಲ. ಹಗಲು ಹೊತ್ತಿನ ಕೇಂದ್ರಕ್ಕೆ ಕರೆದುಕೊಂಡು ಹೋಗಲು ವಾಹನ ಮನೆಯವರೆಗೆ ಬರುವುದಿಲ್ಲ. ಇಂಥವರಿಗೆ ಬೇಕಾಗಿರುವುದು ಶಾಶ್ವತವಾಗಿ ಉಳಿಸಿಕೊಂಡು ನೋಡಿಕೊಳ್ಳುವ ಜಾಗ. ಅಧ್ಯಯನ ಮಾಡುವವರು ದಯವಿಟ್ಟು ಇದನ್ನೂ ಅಧ್ಯಯನ ಮಾಡಿ: ತಂದೆ ತಾಯಿ ತೀರಿಕೊಂಡ ಮೇಲೆ ಇವರ ಗತಿಯೇನು?

ಕೊಪ್ಪದ ಓದುಗ

ಅಕ್ಕ, ನಿಮ್ಮ ಈ ಒಂದು ಪ್ರಶ್ನೆ ಇಡೀ ಚರ್ಚೆಗಿಂತ ದೊಡ್ಡದು.

ಮಂಗಳೂರಿನ ನ್ಯಾಯವಾದಿ

ಆದೇಶ ಬಂದ ಮಾತ್ರಕ್ಕೆ ಹಣ ಕೈಸೇರುವುದಿಲ್ಲ ಎಂಬುದನ್ನೂ ವಿದ್ಯಾರ್ಥಿಗಳು ತಿಳಿಯಲಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಡಿಸೆಂಬರಿನಲ್ಲೇ, ಮೃತರ ಕುಟುಂಬಕ್ಕೆ ಮತ್ತು ಹಾಸಿಗೆ ಹಿಡಿದವರಿಗೆ ಕನಿಷ್ಠ 5 ಲಕ್ಷ, ಇತರ ಅಂಗವಿಕಲರಿಗೆ 3 ಲಕ್ಷ ಕೊಡಬೇಕೆಂದು ಶಿಫಾರಸು ಮಾಡಿತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳೊಳಗೆ ಕೊಡಿ ಎಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಐದು ವರ್ಷ ಕಳೆದು 2022ರ ಮೇನಲ್ಲಿ ಪ್ರಕರಣ ಮತ್ತೆ ಬಂದಾಗ, 3,704 ಸಂತ್ರಸ್ತರಲ್ಲಿ ಪರಿಹಾರ ಸಿಕ್ಕಿದ್ದು ಕೇವಲ 8 ಮಂದಿಗೆ, ಅದೂ ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆ. ನ್ಯಾಯಪೀಠ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡ ಮೇಲೆಯೇ ಉಳಿದವರ ಕಡತ ಅಲುಗಿತು. ಈ ಐದು ವರ್ಷದ ವಿಳಂಬಕ್ಕೆ ವಿಜ್ಞಾನದ ಅನಿಶ್ಚಿತತೆ ಕಾರಣವಾಗಿರಲಿಲ್ಲ.

ಎಣ್ಮಕಜೆಯವ

ಉಳಿದ ವಿಷದ ವಿಷಯವನ್ನೂ ಇಲ್ಲಿ ದಾಖಲಿಸಬೇಕು. ಸಿಂಪಡಣೆ ನಿಂತ ಮೇಲೆ ಗೋದಾಮುಗಳಲ್ಲಿ ಬ್ಯಾರಲ್‌ಗಳು ವರ್ಷಗಟ್ಟಲೆ ಹಾಗೆಯೇ ಬಿದ್ದಿದ್ದವು. ತುಕ್ಕು ಹಿಡಿದ ಅವುಗಳಿಂದ ತೆಗೆದು ಹೊಸ ಬ್ಯಾರಲ್‌ಗಳಿಗೆ ತುಂಬುವ ಕೆಲಸ ನಡೆದದ್ದು 2012ರಲ್ಲಿ. ಕರ್ನಾಟಕದ ಗಡಿಗೆ ತಾಗಿಕೊಂಡಿರುವ ಮಿಂಚಿಪದವಿನ ಹಳೆಯ ಬಾವಿಯೊಂದರಲ್ಲಿ ಹಿಂದೆ ಒಂದಷ್ಟನ್ನು ಹಾಕಿ ಮುಚ್ಚಿದ್ದಾರೆಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೆ ಹೋಗಿದೆ. ಗುಡ್ಡೆಯ ಈ ಬದಿ ಕೇರಳ, ಆ ಬದಿ ಕರ್ನಾಟಕ. ನೀರು ಇಳಿಯುವಾಗ ಯಾವ ರಾಜ್ಯವೆಂದು ನೋಡುವುದಿಲ್ಲ.

ಪುತ್ತೂರಿನ ಉಪನ್ಯಾಸಕಿ

ಎಲ್ಲರಿಗೂ ಕೃತಜ್ಞತೆಗಳು. ಕೀಟಶಾಸ್ತ್ರಜ್ಞರ ಮತ್ತು ವೈದ್ಯೆಯ ಮಾತುಗಳನ್ನು ಹಾಗೆಯೇ ತರಗತಿಯಲ್ಲಿ ಓದಿಸುತ್ತೇನೆ. ಮಿಂಚಿಪದವಿನ ಸುತ್ತಿನ ಬಾವಿ ಮತ್ತು ಸುರಂಗಗಳ ನೀರನ್ನು ವಿದ್ಯಾರ್ಥಿಗಳಿಂದ ಪರೀಕ್ಷೆ ಮಾಡಿಸಬಹುದೇ ಎಂಬ ಯೋಚನೆ ಬಂದಿದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಅದು ಸಾಧ್ಯವೇ?

ಅಂಕಿಅಂಶ ಅಧ್ಯಾಪಕ

ಕಾಲೇಜಿನಲ್ಲಿ ಆಗುವುದಿಲ್ಲ ಮೇಡಂ. ಅಷ್ಟು ಸಣ್ಣ ಪ್ರಮಾಣವನ್ನು ಅಳೆಯಲು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಬೇಕು. ಮಾನ್ಯತೆ ಪಡೆದ ಪ್ರಯೋಗಾಲಯಕ್ಕೇ ಕಳಿಸಿ. ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ತೆಗೆಯಿರಿ, ಪ್ಲಾಸ್ಟಿಕ್ ಬೇಡ. ತಂಪಿನಲ್ಲಿ ಇಟ್ಟು ಬೇಗ ತಲುಪಿಸಿ. ಮೂಲ ಎಂಡೋಸಲ್ಫಾನ್ ಜೊತೆಗೆ ಸಲ್ಫೇಟನ್ನೂ ಅಳೆಯಬೇಕೆಂದು ಬರೆದು ಕೊಡಿ. ನೀರಿನಷ್ಟೇ ಮುಖ್ಯ ತೋಡಿನ ತಳದ ಕೆಸರು, ಅದನ್ನೂ ಸೇರಿಸಿ. ದೂರದ, ಸಿಂಪಡಣೆ ಆಗದ ಊರಿನಿಂದಲೂ ಅಷ್ಟೇ ಮಾದರಿಗಳನ್ನು ತನ್ನಿ. ಎಲ್ಲಿಂದ ತೆಗೆಯಬೇಕೆಂಬ ಯೋಜನೆಯನ್ನು ನಾನು ಹಾಕಿಕೊಡುತ್ತೇನೆ.

ಎಣ್ಮಕಜೆಯವ

ಸುರಂಗಗಳನ್ನು ತೋರಿಸಲು ನಾನು ಬರುತ್ತೇನೆ. ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆ ಬಿದ್ದು ಗುಡ್ಡೆಯ ನೀರು ಇಳಿದ ಮೇಲೆ ಒಮ್ಮೆ ತೆಗೆಯಿರಿ. ಫಲಿತಾಂಶ ಏನೇ ಬಂದರೂ ಮೊದಲು ಆ ಮನೆಯವರಿಗೆ ತಿಳಿಸಬೇಕು. ಹಿಂದೆ ಬಂದವರಲ್ಲಿ ಹಲವರು ನೀರು, ರಕ್ತ ತೆಗೆದುಕೊಂಡು ಹೋದವರು ಏನು ಸಿಕ್ಕಿತೆಂದು ಹೇಳಲು ತಿರುಗಿ ಬರಲಿಲ್ಲ.